ಬರಿದಾದ ಹಗೇವಿನ ತಂಪು

ಬೇಸಿಗೆಯಲ್ಲಿ ಸೊಳ್ಳೆ ಇರುವುದಿಲ್ಲ. ಸೊಳ್ಳೆ ಇಲ್ಲದ ಮೇಲೆ ಹೊಸ ಜ್ವರ ಹುಟ್ಟುವುದಿಲ್ಲ. ಆದ ಕಾರಣ ಸರಗೂರಿನ ಮಲೇರಿಯಾ ಸ್ಟೇಷನ್ನನ್ನು ಮುಂಗಾರು ಬೀಳುವ ತನಕ ಮುಚ್ಚಿ ಸಾಮಾನನ್ನೆಲ್ಲ ಮೈಸೂರಿಗೆ ಒಪ್ಪಿಸತಕ್ಕದ್ದು. ಮೇಲಿನಿಂದ ಬಂದ ಹುಕುಮಿನ ತಿರುಳು ಇಷ್ಟೇ. ಓದಿದಾಗ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಆಮೇಲೆ ಬಂತು. ಬಂದದ್ದು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಯುದ್ಧದ ಕಾಲ ಅದು. ಜಾವಾದಿಂದ ಬರುತ್ತಿದ್ದ ಕ್ವಿನೈನು ನಿಂತುಹೋಗಿತ್ತು. ಸೊಳ್ಳೆಗೆ ಹೊಡೆಯುವ ಪೈರೆಥ್ರಮ್ ಎಣ್ಣೆಯೂ ಪಟಾಲಮ್ಮಿನ ಪಾಲಾಗಿ, ನಮಗೆ ಡಬ್ಬದ ತಳದಲ್ಲಿ ಅಲುಗಾಡುವಷ್ಟು ಮಾತ್ರ ಸಿಗುತ್ತಿತ್ತು. ಸ್ಟೇಷನ್ನು ಅಂದರೆ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ಬಾಡಿಗೆ ಮನೆಯ ಎರಡು ಅಂಕಣ, ಒಂದು ಮೈಕ್ರೋಸ್ಕೋಪು, ಒಂದು ಹಿತ್ತಾಳೆ ಪಂಪು, ಇನ್ಸ್‌ಪೆಕ್ಟರ್ ಆಗಿ ನಾನು, ಪಂಪು ಹೊರುವುದಕ್ಕೆ ಒಬ್ಬ ಜವಾನ. ಸರಗೂರಿನಿಂದ ಬೇಗೂರಿನ ತನಕ, ಅಲ್ಲಿಂದ ಮುಂದೆ ಕಾಡಂಚಿನ ಹಳ್ಳಿಗಳ ತನಕ ನಮ್ಮ ಸುತ್ತು.

ಕೆಲಸವೇನೆಂದರೆ ಸೊಳ್ಳೆ ಹಿಡಿಯುವುದು. ಬೆಳಗಿನ ಹೊತ್ತು ಮನೆಮನೆಗೆ ನುಗ್ಗಿ, ದನದ ಕೊಟ್ಟಿಗೆಗೆ ನುಗ್ಗಿ, ಹುಲ್ಲುಮಾಡಿನ ಒಳಮೈಗೆ ಟಾರ್ಚು ಬಿಟ್ಟು ನೋಡಬೇಕು. ಜ್ವರದ ಸೊಳ್ಳೆ ಬೇರೆ ಸೊಳ್ಳೆಯ ಹಾಗೆ ಕೂರುವುದಿಲ್ಲ. ಬಾಲ ಎತ್ತಿ, ಗೋಡೆಗೆ ಮುಳ್ಳು ಚುಚ್ಚಿದ ಹಾಗೆ ಓರೆಯಾಗಿ ಕೂರುತ್ತದೆ. ಒಂದು ತುದಿಗೆ ರಬ್ಬರು ನಳಿಕೆ ಸಿಕ್ಕಿಸಿದ ಗಾಜಿನ ಟ್ಯೂಬನ್ನು ಮೆಲ್ಲಗೆ ಅದರ ಮೇಲೆ ಇಟ್ಟು, ನಳಿಕೆಯನ್ನು ಬಾಯಲ್ಲಿ ಕಚ್ಚಿ ಉಸಿರು ಎಳೆದರೆ ಸೊಳ್ಳೆ ಟ್ಯೂಬಿನೊಳಗೆ. ನಡುವೆ ಒಂದು ಚೂರು ಜಾಳು ಬಟ್ಟೆ ಇರುತ್ತದೆ, ಇಲ್ಲದಿದ್ದರೆ ಹೊಟ್ಟೆಯೊಳಗೆ. "ಸೊಳ್ಳೆ ಕುಡಿಯೋ ಸ್ವಾಮೇರು ಬಂದ್ರು" ಎಂದು ಊರೂರಲ್ಲಿ ನಗುತ್ತಿದ್ದರು. ನಗಲಿ ಬಿಡಿ, ನಗುವವರು ಬಾಗಿಲು ತೆಗೆಯುತ್ತಾರೆ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಕೊಟ್ಟಿಗೆಯ ಮಾಡು ಕಾದ ಹೆಂಚಿನಂತಾಗಿ, ಒಳಗೆ ನಿಂತರೆ ನಮಗೇ ಉಸಿರು ಕಟ್ಟುತ್ತಿತ್ತು. ಟ್ಯೂಬು ಬರಿದಾಗಿ ಬರತೊಡಗಿತು. ಸೊಳ್ಳೆಯ ಮೈಯಲ್ಲಿ ಏನಿದೆ ಹೇಳಿ, ಒಂದು ಹನಿ ನೀರು. ಸೆಕೆ ಫ್ಯಾರನ್‌ಹೀಟಿನ ನೂರು ಡಿಗ್ರಿ ದಾಟಿ ಗಾಳಿ ಒಣಗಿದರೆ ಆ ಹನಿ ಆರಿಹೋಗುತ್ತದೆ, ಸೊಳ್ಳೆ ಉದುರಿಬೀಳುತ್ತದೆ. ಹಿಂದಿನ ವರ್ಷಗಳಲ್ಲೂ ಹೀಗೇ ಆಗಿತ್ತು. ಬೇಸಿಗೆಯಲ್ಲಿ ಸೊಳ್ಳೆಯೂ ಇರುತ್ತಿರಲಿಲ್ಲ, ಎಳೆಗೂಸುಗಳಿಗೆ ಜ್ವರವೂ ಬರುತ್ತಿರಲಿಲ್ಲ. ಹಾಗಾಗಿ ಹುಕುಮನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಸಾಮಾನು ಕಟ್ಟುವ ಮೊದಲು ಕೊನೆಯದೊಂದು ಸುತ್ತು ಹಾಕಿಬರೋಣ ಎಂದು ಹೊರಟೆ.

ಬೇಗೂರಿನಿಂದ ಆಚೆಗೆ ಮರಳುಕಟ್ಟೆ ಎಂಬ ಹಳ್ಳಿ. ಅಲ್ಲಿ ಒಬ್ಬಳು ಅಜ್ಜಿ. ಗಂಡ, ಮಗ ಇಬ್ಬರೂ ಜ್ವರದಲ್ಲೇ ಹೋಗಿದ್ದರು. ಮಗ ಸತ್ತಾಗ ಸೊಸೆ ಬಸುರಿ. ಪುಷ್ಯಮಾಸದಲ್ಲಿ ಹೆತ್ತಳು, ಗಂಡುಕೂಸು. ಆ ಮನೆಗೆ ಉಳಿದದ್ದು ಅದೊಂದೇ. ನಾನು ಹೋದಾಗ ಸೊಸೆ ಕೂಸನ್ನು ಎದೆಗವಚಿಕೊಂಡು ಬಿಸಿಲಿನಲ್ಲಿ ನಿಂತಿದ್ದಳು. ಆ ಸುಡುಬಿಸಿಲಿನಲ್ಲಿ ಕೂಸು ನಡುಗುತ್ತಿತ್ತು.

"ನಾಕೈದ್ ದಿನದಿಂದ ಇಂಗೇ ಸ್ವಾಮಿ. ದಿನ ಬುಟ್ಟು ದಿನ ಮೈ ಕಾದೋಯ್ತದೆ" ಅಂದಳು.

ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಸವರಿಕೊಂಡೆ. ಸರಗೂರಿಗೆ ಬಂದು, ಪೆಟ್ಟಿಗೆಗೆ ಇಳಿಸಲು ಸಿದ್ಧ ಮಾಡಿದ್ದ ಮೈಕ್ರೋಸ್ಕೋಪನ್ನು ಮತ್ತೆ ಮೇಜಿಗೇರಿಸಿ ಬಣ್ಣ ಹಾಕಿ ನೋಡಿದರೆ ಕೆಂಪುಕಣಗಳೊಳಗೆ ಉಂಗುರ, ಉಂಗುರ, ಉಂಗುರ. ಮಲೇರಿಯಾದ ಕ್ರಿಮಿ.

ದೊಡ್ಡವರಲ್ಲಿ ಹೀಗೆ ಕಂಡಿದ್ದರೆ ಹಳೆಯ ಜ್ವರ ಮರುಕಳಿಸಿದೆ ಅನ್ನಬಹುದು. ಆ ಕ್ರಿಮಿ ಮೈಯಲ್ಲಿ ವರ್ಷಗಟ್ಟಲೆ ಮಲಗಿದ್ದು ಏಳುತ್ತದೆ. ಆದರೆ ಈ ಕೂಸಿಗೆ ಹಳೆಯದು ಅನ್ನುವುದೇ ಇಲ್ಲ. ಹುಟ್ಟಿದಾಗ ಅದರ ರಕ್ತವನ್ನು ನಾನೇ ನೋಡಿದ್ದೆ, ಶುದ್ಧವಾಗಿತ್ತು. ಸೊಳ್ಳೆ ಕಚ್ಚಿ ಜ್ವರ ಬರಲು ಎರಡು ವಾರ ಸಾಕು. ನನ್ನ ಟ್ಯೂಬಿಗೆ ಸೊಳ್ಳೆ ಸಿಗದೆ ಅದಕ್ಕಿಂತ ಹೆಚ್ಚು ಕಾಲವಾಗಿತ್ತು. ಅಂದರೆ ಈ ಊರಲ್ಲಿ, ಈ ಬೆಂಕಿಯಂಥ ಸೆಕೆಯಲ್ಲಿ, ಎಲ್ಲೋ ಸೊಳ್ಳೆ ಬದುಕಿದೆ. ಹಗಲೆಲ್ಲ ಎಲ್ಲೋ ತಣ್ಣಗೆ ಕೂತಿದ್ದು ರಾತ್ರಿ ಎದ್ದು ಬಂದು ಈ ಕೂಸನ್ನು ಕಚ್ಚಿಹೋಗಿದೆ.

ಮತ್ತೆ ಮರಳುಕಟ್ಟೆಗೆ ಹೋಗಿ, ಇದ್ದ ಕ್ವಿನೈನಿನಲ್ಲಿ ಕೂಸಿನ ತೂಕಕ್ಕೆ ತಕ್ಕಷ್ಟು ಪುಡಿ ಮಾಡಿ, ಜೇನಿನಲ್ಲಿ ಕಲಸಿ ನೆಕ್ಕಿಸಲು ಹೇಳಿ ಬಂದೆ. ಆ ಪುಡಿ ಒಂದು ಸಲದ ಜ್ವರ ಇಳಿಸೀತು. ಸೊಳ್ಳೆ ಮತ್ತೆ ಕಚ್ಚಿದರೆ? ಕೊಡಲು ಇನ್ನು ಕ್ವಿನೈನಿಲ್ಲ. ಮಳೆ ಬಿದ್ದ ಮೇಲೆ ಉಳಿದ ಸೊಳ್ಳೆಗಳು ಮೊಟ್ಟೆಯಿಟ್ಟು ಊರು ತುಂಬಿದರೆ? ಎರಡು ತಲೆಮಾರು ಕಳಕೊಂಡ ಆ ಮನೆ ಮೂರನೆಯದನ್ನೂ ಕಳಕೊಳ್ಳುತ್ತದೆ. ಇದು ಯಾವ ಪುಸ್ತಕವನ್ನೂ ಓದದೆ ಅಜ್ಜಿಗೂ ಗೊತ್ತಿತ್ತು.

ಮೈಕ್ರೋಸ್ಕೋಪು, ಪಂಪು ಮಾರನೆಯ ದಿನ ಮೈಸೂರು ಬಸ್ಸು ಹತ್ತಿದವು. ತಡೆಯುವ ಅಧಿಕಾರ ನನಗಿರಲಿಲ್ಲ. ಸಾಮಾನು ಒಪ್ಪಿಸುವ ಗಡುವು ಮುಗಿಯಲು ಇನ್ನೂ ಕೆಲವು ದಿನ ಇದ್ದವು. ಕಳಿಸದೆ ಉಳಿಸಿಕೊಂಡಿದ್ದು ಒಂದಷ್ಟು ಟ್ಯೂಬು, ಎರಡು ಥರ್ಮಾಮೀಟರು, ಪಾರ್ಸೆಲ್ಲಿಗೆ ಅರಗು ಒತ್ತುವ ಇಲಾಖೆಯ ಮೊಹರು, ಡಬ್ಬದ ತಳದ ಎಣ್ಣೆ.

ಮರಳುಕಟ್ಟೆಯಲ್ಲಿ ಬೀಡುಬಿಟ್ಟೆ. ಈ ಸಲ ಸೊಳ್ಳೆ ಹುಡುಕಲು ಹೋಗಲಿಲ್ಲ, ತಂಪು ಹುಡುಕಲು ಹೋದೆ. ಒಂದು ಥರ್ಮಾಮೀಟರು ಹಾಗೇ, ಇನ್ನೊಂದರ ಬುರುಡೆಗೆ ಒದ್ದೆಬಟ್ಟೆ. ಎರಡರ ಅಂತರ ನೋಡಿದರೆ ಗಾಳಿ ಎಷ್ಟು ಒಣಗಿದೆ ಗೊತ್ತಾಗುತ್ತದೆ. ನಡುಮಧ್ಯಾಹ್ನ ಊರೆಲ್ಲ ಅಳೆದೆ. ಸ್ಕೂಲಿನ ತಗಡಿನ ಶೆಡ್ಡಿನಲ್ಲಿ ಪಾದರಸ ತುದಿಗೆ ಹೋಗಿ ನಿಂತಿತು. ಅಲ್ಲಿ ಸೊಳ್ಳೆಯಿರಲಿ, ನೊಣವೂ ಇರಲಿಲ್ಲ. ಕೊಟ್ಟಿಗೆ, ಅಡಿಗೆಮನೆ ಎಲ್ಲ ನೂರರ ಮೇಲೆ. ಕಲ್ಲಿನ ಗುಡಿಯ ಒಳಗೆ ತಂಪಿರಬಹುದು ಎಂದು ಹೋದರೆ ಪೂಜಾರಪ್ಪ ಅಡ್ಡ ನಿಂತ.

"ಗರ್ಭಗುಡೀಗೆ ನೀವು ಬರಂಗಿಲ್ಲ ಸ್ವಾಮಿ."

"ನಾನು ಬರಲ್ಲಪ್ಪ. ಇದೊಂದು ಒಳಗಿಟ್ಟರೆ ಸಾಕು."

ಅವನು ಥರ್ಮಾಮೀಟರನ್ನು ತಿರುವಿ ಮುರುವಿ ನೋಡಿ, ಅದರ ಮೇಲೆ ತೀರ್ಥ ಚಿಮುಕಿಸಿ ಒಳಗೆ ತೆಗೆದುಕೊಂಡು ಹೋದ. ನನ್ನ ಜವಾನ ಬಾಗಿಲಲ್ಲೇ ನಿಂತು, "ನಮ್ಗಿಂತ ಆ ಗಾಜಿನ್ ಕಡ್ಡಿ ಪುಣ್ಯ ಮಾಡೈತೆ ಕಣ್ರೀ" ಅಂದ. ಗುಡಿಯಲ್ಲಿ ತಂಪಿತ್ತು. ಆದರೆ ಎಣ್ಣೆದೀಪದ ಹೊಗೆಗೆ ಸೊಳ್ಳೆ ಒಂದೂ ಇಲ್ಲವೆಂದು ಪೂಜಾರಪ್ಪನೇ ಹೇಳಿದ.

ಬಳಲಿ ಅಜ್ಜಿಯ ಮನೆ ಮುಂದೆ ಬಂದು ನಿಂತಾಗ ಅಲ್ಲಿ ಒಂದು ಹಗೇವಿನ ಬಾಯಿ ತೆರೆದಿತ್ತು. ಹಳೇ ಮೈಸೂರಿನವರಿಗೆ ಹಗೇವು ಅಂದರೆ ಹೇಳಬೇಕಾಗಿಲ್ಲ. ಬೇರೆ ಸೀಮೆಯವರಿಗೆ ಹೇಳುತ್ತೇನೆ: ರಾಗಿ ತುಂಬಿಡುವ ನೆಲದೊಳಗಿನ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಕೆಳಗೆ ಹೂಜಿಯ ಹಾಗೆ ಹೊಟ್ಟೆ. ಸುಗ್ಗಿ ಮುಗಿದ ಮೇಲೆ ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಮೆತ್ತಿಬಿಡುತ್ತಾರೆ. ಬೇಸಿಗೆಯಲ್ಲಿ ಹಗೇವು ತುಂಬಿರಬೇಕು, ಮುಚ್ಚಿರಬೇಕು. ಇದು ಯಾಕೆ ತೆರೆದಿದೆ?

ಸುತ್ತ ನೋಡಿದರೆ ಬೀದಿಯುದ್ದಕ್ಕೂ ಹಾಗೇ. ಎಲ್ಲ ಹಗೇವಿನ ಬಾಯಿಯೂ ಆಕಾಶ ನೋಡುತ್ತಿದೆ. ದನ ಬೀಳದಂತೆ ಮೇಲೆ ನಾಲ್ಕು ಮುಳ್ಳುಕೊಂಬೆ, ಅಷ್ಟೆ.

ನಾನು ಎರಡೂ ಥರ್ಮಾಮೀಟರಿಗೆ ದಾರ ಕಟ್ಟಿ ಇಳಿಬಿಡುತ್ತಿದ್ದಂತೆ ಅಜ್ಜಿ ಹೊರಗೆ ಬಂದಳು.

"ಇಣುಕಪ್ಪ, ಇಣುಕು. ಕಣ್ ತುಂಬ ನೋಡ್ಕೊ. ಒಂದ್ ಕಾಳಿಲ್ಲ! ನಿಮ್ ಶೇಕ್ದಾರ ಎಲ್ಲಾ ಬಳುದ್ಕಂಡು ಓದ. ಇನ್ನೇನ್ ದಾರ ಬುಟ್ಟು ಎತ್ತೀಯೆ?"

ಆಗ ಅರ್ಥವಾಯಿತು. ಆ ವರ್ಷ ಯುದ್ಧದ ಲೆವಿ. ರಾಗಿ ಬೆಳೆದವರು ಇಷ್ಟು ಅಂತ ಸರ್ಕಾರಕ್ಕೆ ಅಳೆಯಬೇಕು. ಕಂದಾಯ ಇಲಾಖೆಯ ಶೇಕ್ದಾರ ಸುಗ್ಗಿಯ ಬೆನ್ನಿಗೇ ಬಂದು ಹಗೇವು ತೆಗೆಸಿ ಅಳೆಸಿಕೊಂಡು ಹೋಗಿದ್ದ. ಹೋಗುವಾಗ ಒಂದು ಮಾತು ಹೇಳಿಹೋಗಿದ್ದ: ಖಾಲಿ ಹಗೇವು ತೆರೆದೇ ಇರಬೇಕು, ಮುಚ್ಚಿದ್ದು ಕಂಡರೆ ಒಳಗೆ ರಾಗಿ ಬಚ್ಚಿಟ್ಟಿದ್ದೀರಿ ಅಂತಲೇ ಲೆಕ್ಕ. ಆ ಹೆದರಿಕೆಗೆ ಇಡೀ ಊರು ತನ್ನ ಬರಿಹೊಟ್ಟೆಗಳನ್ನು ಬೀದಿಯಲ್ಲಿ ತೆರೆದಿಟ್ಟುಕೊಂಡು ಕೂತಿತ್ತು.

ದಾರ ಎಳೆದೆ. ಪಾದರಸ ಎಂಬತ್ತರ ಒಳಗೆ. ಎರಡು ಥರ್ಮಾಮೀಟರಿಗೂ ಹೆಚ್ಚು ಅಂತರವೇ ಇಲ್ಲ. ಗಾಳಿಯಲ್ಲಿ ಪಸೆ ಇದೆ. ಹೊರಗೆ ಬೆಂಕಿ, ಒಳಗೆ ಕಾರ್ತಿಕಮಾಸ.

"ಅಜ್ಜಿ, ನಾನು ಲೆವಿಯವನಲ್ಲ. ಒಳಗೆ ಇಳಿಯಬೇಕು" ಅಂದೆ.

"ಸೊಳ್ಳೆ ಕುಡಿದು ಕುಡಿದು ತಲೆ ಕೆಟ್ಟೋಗದೆ ನಿಂಗೆ. ತಡಿ, ಬರಿಗೈಲಿ ಇಳೀಬ್ಯಾಡ" ಎಂದು ಸೊಸೆಯ ಕೈಲಿ ಲಾಟೀನು ತರಿಸಿದಳು. ಹಗೇವಿಗೆ ಮೊದಲು ದೀಪ ಇಳಿಸುವುದು ಪದ್ಧತಿ. ಒಳಗೆ ಕೆಟ್ಟಗಾಳಿ ಇದ್ದರೆ ದೀಪ ಆರುತ್ತದೆ, ಆರಿದರೆ ಯಾರೂ ಇಳಿಯುವುದಿಲ್ಲ. ದೀಪ ಉರಿಯಿತು. ಹಗ್ಗ ಹಿಡಿದು ಇಳಿದೆ.

ತಳದಲ್ಲಿ ನಿಂತು ಟಾರ್ಚು ಹೊತ್ತಿಸಿದೆ. ಗೋಡೆಯ ತುಂಬ ಬಾಲ ಎತ್ತಿದ ಮುಳ್ಳುಗಳು. ಓರೆಯಾಗಿ, ಒಂದರ ಪಕ್ಕ ಒಂದು. ಕೆಲವದರ ಹೊಟ್ಟೆ ಕೆಂಪಗೆ ಊದಿತ್ತು. ಆ ಕೆಂಪು ಯಾರದು ಎಂದು ಯೋಚಿಸಿದಾಗ ನನಗೆ ಮೊದಲ ಸಲ ಸಿಟ್ಟು ಬಂತು. ಸೊಳ್ಳೆಯ ಮೇಲಲ್ಲ. ಸೊಳ್ಳೆ ತನಗೆ ತಾಳುವ ತಂಪು ಹುಡುಕಿಕೊಂಡು ಬಂದಿದೆ, ಅದರ ಬಾಳುವೆ ಅದು. ಅದಕ್ಕೆ ಮನೆ ಮನೆಯ ಮುಂದೆ ಬೇಸಿಗೆ ಅರಮನೆ ಕಟ್ಟಿಕೊಟ್ಟವನು ಶೇಕ್ದಾರ. ನಮ್ಮವರು ಕೊಟ್ಟಿಗೆ ನೋಡಿ, ಸೊಳ್ಳೆ ಸತ್ತಿತು ಎಂದು ಬೀಗ ಹಾಕಿಕೊಂಡು ಹೋಗಿದ್ದರು.

ಕ್ರಿಮಿ ಆ ಸೊಳ್ಳೆಗಳ ಮೈಯಲ್ಲಿದೆ ಎಂದು ತೋರಿಸಬೇಕಾದರೆ ಅವನ್ನು ಸೀಳಿ, ಜೊಲ್ಲಿನ ಗ್ರಂಥಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಮೈಕ್ರೋಸ್ಕೋಪು ಮೈಸೂರಿಗೆ ಹೋಗಿಯಾಗಿತ್ತು. ಹಾಗಾದರೆ ಸೊಳ್ಳೆಯನ್ನೇ ಜೀವಂತ ಮೈಸೂರಿಗೆ ಒಯ್ಯಬೇಕು. ಟ್ಯೂಬುಗಳಲ್ಲಿ ತುಂಬಿ, ಒದ್ದೆ ಹತ್ತಿಯ ಬಿರಟೆ ಹಾಕಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಗಾಡಿಯಲ್ಲಿ ಸರಗೂರಿಗೆ, ಅಲ್ಲಿಂದ ಬಸ್ಸು. ಪೆಟ್ರೋಲಿಲ್ಲದ ಕಾಲ. ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕು. ನಾನು ತಳ್ಳಲು ಇಳಿದಾಗ ಯಾರೋ ಪುಣ್ಯಾತ್ಮರು ಜಾಗ ಸಾಲದೆಂದು ನನ್ನ ಗೋಣಿಗಂಟನ್ನು ಎತ್ತಿ ಹಿಂದಿನ ಮೂಲೆಯಲ್ಲಿ, ಒಲೆಯ ಪಕ್ಕದ ತಗಡಿಗೆ ಒರಗಿಸಿ ಇಟ್ಟಿದ್ದರು. ಮೈಸೂರಿನಲ್ಲಿ ಬಿಚ್ಚಿ ನೋಡಿದರೆ ಗೋಣಿ ಗರಿಗರಿ ಒಣಗಿತ್ತು. ಟ್ಯೂಬಿನ ತಳದಲ್ಲಿ ಧೂಳಿನಂತೆ ಸೊಳ್ಳೆ. ಒಣಗಿದ ಸೊಳ್ಳೆಯನ್ನು ಸೀಳಲು ಬರುವುದಿಲ್ಲ, ಮುಟ್ಟಿದರೆ ಪುಡಿಯಾಗುತ್ತದೆ.

ಆದರೂ ಮೇಲಧಿಕಾರಿಯ ಮುಂದೆ ಹೋಗಿ ನಿಂತೆ. ಒಳ್ಳೆಯ ಮೈಕಟ್ಟಿನ, ಮೃದು ಮಾತಿನ ಡಾಕ್ಟರು. ಬೈದರೂ ನಗುನಗುತ್ತಲೇ ಬೈಯುವ ಪೈಕಿ. ಕೂಸಿನ ರಕ್ತ, ಹಗೇವು, ಥರ್ಮಾಮೀಟರು, ಎಲ್ಲ ಹೇಳಿದೆ. ಅವರು ಟ್ಯೂಬನ್ನು ಕಿಟಕಿಗೆ ಹಿಡಿದು ನೋಡಿದರು.

"ಇವು ಸತ್ತಿವೆಯಲ್ರೀ."

"ಬಸ್ಸಿನ ಸೆಕೆಗೆ ಸತ್ತವು ಸಾರ್. ಹಗೇವಿನಲ್ಲಿ ಬದುಕಿದ್ದವು."

"ಅಂದರೆ ಸೆಕೆಗೆ ಸೊಳ್ಳೆ ಸಾಯುತ್ತದೆ ಅಂತ ನೀವೇ ಒಪ್ಪಿದಿರಿ. ನನ್ನ ಹುಕುಮಿನಲ್ಲಿ ಅದೇ ತಾನೆ ಇರುವುದು?"

"ಕೂಸಿಗೆ ಜ್ವರ ಹೇಗೆ ಬಂತು ಸಾರ್?"

"ತಾಯಿಯ ಹೊಟ್ಟೆಯಲ್ಲೇ ಬಂದಿರುತ್ತದೆ."

"ಹುಟ್ಟಿದಾಗ ಅದರ ರಕ್ತ ಶುದ್ಧವಾಗಿತ್ತು, ನಾನೇ..."

"ನೀವು ನೋಡುವಾಗ ತಪ್ಪಿರಬಹುದು. ನಿಮ್ಮ ಶ್ರದ್ಧೆ ಮೆಚ್ಚಿದೆ. ಆದರೆ ಜ್ವರದ ಸೊಳ್ಳೆ ಇರುವುದು ಮನೆಯಲ್ಲಿ, ಕೊಟ್ಟಿಗೆಯಲ್ಲಿ. ಬಾವಿ, ಬಿಲ, ಹಗೇವು ಅಂತ ನೆಲ ಅಗೆಯುತ್ತ ಕೂತರೆ ಇಲಾಖೆ ನಡೆಯುವುದಿಲ್ಲ. ಪಂಪನ್ನು ಕೃಷ್ಣರಾಜನಗರದ ನಾಲೆ ಕಡೆಗೆ ಕಳಿಸಿಯಾಯಿತು. ನೀವು ಉಳಿದ ಸಾಮಾನು ಒಪ್ಪಿಸಿ, ಎರಡು ದಿನ ಮನೆಗೆ ಹೋಗಿ ಬನ್ನಿ, ಮುಖ ಎಲ್ಲ ಕಪ್ಪಾಗಿದೆ."

ಮುಖ ಕಪ್ಪಾದದ್ದು ಅವರಿಗೆ ಕಂಡಿತು. ಇನ್ನು ಯಾವುದೂ ಕಾಣಲಿಲ್ಲ. ಬೈದಿದ್ದರೆ ನಾನೂ ಎದುರು ಬೈದು ಹಗುರಾಗುತ್ತಿದ್ದೆನೇನೋ. ಆ ನಗು, ಆ ಕಾಫಿ ತರಿಸಿ ಕುಡಿಸಿದ್ದು! ವಾಪಸು ಬಸ್ಸಿನಲ್ಲಿ ಕೂತು ಹಲ್ಲು ಕಚ್ಚಿದ್ದಕ್ಕೆ ದವಡೆ ನೋಯುತ್ತಿತ್ತು.

ಪರಿಹಾರ ಏನು ದೊಡ್ಡದಾಗಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕೆರಳಿಸುತ್ತಿತ್ತು. ಹಗೇವಿನೊಳಗೆ ಬೇವಿನ ಸೊಪ್ಪು, ಒಣ ತುಂಬೆಗಿಡ ಹಾಕಿ ಹೊಗೆ ಎಬ್ಬಿಸುವುದು, ಚಪ್ಪಡಿ ಎಳೆದು ಮಣ್ಣು ಮೆತ್ತುವುದು. ಒಳಗಿದ್ದದ್ದು ಒಳಗೇ ಸಾಯುತ್ತದೆ, ಹೊರಗೆ ಉಳಿದದ್ದನ್ನು ಬಿಸಿಲೇ ನೋಡಿಕೊಳ್ಳುತ್ತದೆ. ಊರಿನವರಿಗೆ ಹೇಳಿದೆ. ಅಜ್ಜಿ ಎಲ್ಲರ ಪರವಾಗಿ ಮಾತಾಡಿದಳು.

"ಮುಚ್ಚೋಕೆ ನಮ್ಗೇನ್ ಕೈ ಇಲ್ವಾ? ಮುಚ್ಚುದ್ರೆ ಶೇಕ್ದಾರ ಆರೆ ತಕ್ಕಂಡ್ ಬತ್ತಾನೆ. ರಾಗಿ ಬಚ್ಚಿಟ್ರು ಅಂತಾವ ಗಂಡಸ್ರುನ್ನ ಕ್ವಾಟೆ ಪೋಲೀಸ್ ಠಾಣೇಗೆ ಎಳ್ಕಂಡ್ ಓಯ್ತಾನೆ. ಜ್ವರ ಬಂದ್ರೆ ಒಂದ್ ಕೂಸು. ಅವ್ನು ಬಂದ್ರೆ ಊರೇ ಓಯ್ತದೆ ಕಣಪ್ಪ."

ತನ್ನ ಮೊಮ್ಮಗನನ್ನೇ 'ಒಂದು ಕೂಸು' ಅಂದಳು. ಅನ್ನುವಾಗ ಅವಳ ದನಿ ಅಲುಗಲಿಲ್ಲ. ಸೊಸೆ ಮಾತ್ರ ತಲೆ ಬಗ್ಗಿಸಿ ಒಳಗೆ ಹೋದಳು.

ಶೇಕ್ದಾರನನ್ನು ಕಾಣಲು ಹೋದೆ. ಅವನು ಬೇಗೂರಿನ ಛತ್ರದಲ್ಲಿ ಠಿಕಾಣಿ ಹೂಡಿದ್ದ. ಹೋದ ವರ್ಷದ ಜ್ವರಕ್ಕೆ ತಿಂದ ಕ್ವಿನೈನಿನಿಂದ ಇನ್ನೂ ಕಿವಿ ಗುಂಯ್‌ಗುಡುತ್ತದೆ ಎಂದು ತಾನೇ ಹೇಳಿಕೊಂಡ. ಹಾಗಾದರೆ ಇವನಿಗೆ ಅರ್ಥವಾದೀತು ಎಂದು ವಿವರಿಸಿದೆ.

"ಮುಚ್ಚಿದ ಹಗೇವು ಅಂದರೆ ತುಂಬಿದ ಹಗೇವು. ನನಗೆ ಗೊತ್ತಿರೋ ಕಾನೂನು ಅದು. ಸೊಳ್ಳೆ ವಿಷಯ ನಿಮ್ಮ ಇಲಾಖೇದು, ಹಗೇವಿನ ವಿಷಯ ನಮ್ಮ ಇಲಾಖೇದು" ಅಂದ.

"ಹಗೇವಿನೊಳಗಿನ ಸೊಳ್ಳೆ ಯಾರದು?"

"ನೀವೇ ನಿಮ್ಮ ಸಾಹೇಬರ ಹತ್ರ ಕೇಳಿ. ಸ್ಟೇಷನ್ನೇ ಮುಚ್ಚಿದೆಯಂತೆ?"

ಒಬ್ಬನಿಗೆ ಬೇಸಿಗೆಯಲ್ಲಿ ಮುಚ್ಚುವುದೇ ಕಾನೂನು, ಇನ್ನೊಬ್ಬನಿಗೆ ತೆರೆಯುವುದೇ ಕಾನೂನು. ನಡುವೆ, ಆಗತಾನೆ ಜ್ವರ ಇಳಿದ ಆ ಕೂಸು ರಾತ್ರಿ ರಾತ್ರಿ ಅದೇ ಸೊಳ್ಳೆಗಳ ಬಾಯಲ್ಲಿತ್ತು. ಬೇಗೂರಿನಿಂದ ಮರಳುಕಟ್ಟೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಒಬ್ಬನೇ ಬೈದುಕೊಂಡು ಬಂದೆ. ನಮ್ಮ ತಾತನ ಕಾಲದ ಬೈಗುಳ ಎಲ್ಲ ನೆನಪಾದವು. ಬರೆಯುವಂಥವಲ್ಲ. ಬೈಗುಳ ಮುಗಿದಾಗ ಒಂದು ಯೋಚನೆ ಬಾಕಿ ಉಳಿದಿತ್ತು: ಮಣ್ಣು ಮೆತ್ತಿದರೆ ಅದು ರೈತನ ಹಗೇವು. ಅದರ ಮೇಲೆ ಅರಗಿನ ಮೊಹರು ಒತ್ತಿದರೆ ಅದು ಸರ್ಕಾರದ ಹಗೇವು.

ಆ ಮೊಹರು ಒತ್ತುವ ಅಧಿಕಾರ ನನಗೆ ಇರಲಿಲ್ಲ. ಗಾಜಿನ ಸ್ಲೈಡುಗಳ ಪಾರ್ಸೆಲ್ಲಿಗೆ ಒತ್ತಲು ಕೊಟ್ಟದ್ದು ಅದು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಗೊತ್ತಿದ್ದೇ ತೀರ್ಮಾನ ಮಾಡಿದೆ.

ಮೊಹರಿನ ಮಾತು ಕೇಳಿದ ಮೇಲೆ, ಮಾರನೆಯ ದಿನದಿಂದ ಊರಿಗೆ ಊರೇ ಕೆಲಸಕ್ಕೆ ನಿಂತಿತು. ಪ್ರತಿ ಹಗೇವಿಗೂ ದೀಪ ಇಳಿಸಿ, ನಾನು ಇಳಿದು, ಖಾಲಿ ಎಂದು ಕೂಗಿ ಹೇಳುವುದು. ಡಬ್ಬದ ಎಣ್ಣೆಯಲ್ಲಿ ಅದ್ದಿದ ಗೋಣಿಚೂರನ್ನು ಗೋಡೆಗೆ ಬಡಿಯುವುದು. ಮೇಲೆ ಬಂದು ಸೊಪ್ಪಿನ ಕಂತೆಗೆ ಬೆಂಕಿ ಕೊಟ್ಟು ಒಳಗೆ ಬಿಡುವುದು. ಚಪ್ಪಡಿ, ಮಣ್ಣು, ಅದರ ಮೇಲೆ ಅಡ್ಡಡ್ಡ ಹಗ್ಗ, ಗಂಟಿಗೆ ಅರಗು, ಮೊಹರು. ಜವಾನ ಅರಗು ಕಾಯಿಸುತ್ತ, "ಮದ್ವೆ ಮನೇಲಿ ವಡೆ ಕರ್ದಂಗೆ ಆಯ್ತು ಕಣ್ರೀ" ಅನ್ನುತ್ತಿದ್ದ. ಮೊದಲ ಹಗೇವಿನಲ್ಲಿ ಹೊಗೆ ಸಾಲದೆ ಸೊಳ್ಳೆ ಮೋಡದ ಹಾಗೆ ಎದ್ದು ಹೊರಗೆ ಬಂತು. ಬಂದದ್ದು ಎದುರುಮನೆಯ ಗೋಡೆಯ ನೆರಳಿಗೆ ಹೋಗಿ ಕೂತು, ಹೊತ್ತು ಏರುತ್ತಿದ್ದಂತೆ ಒಂದೊಂದಾಗಿ ನೆಲಕ್ಕೆ ಉದುರಿತು. ಹೆಂಗಸರು ಮಕ್ಕಳು ಸುತ್ತ ನಿಂತು ನೋಡಿದರು. ಆಮೇಲೆ ಯಾರಿಗೂ ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

ಅಜ್ಜಿಯ ಹಗೇವು ಕೊನೆಯದು. ಅದಕ್ಕೂ ಹೊಗೆ ಹಾಕುವಷ್ಟರಲ್ಲಿ ಹೊತ್ತು ಮುಳುಗಿತ್ತು. "ಚಪ್ಪಡಿ ಎಳೆದಿಡಿ, ಮಣ್ಣು, ಮುದ್ರೆ ಬೆಳಿಗ್ಗೆ" ಅಂದೆ. ಬೆಳಿಗ್ಗೆ ಹೋದರೆ ಚಪ್ಪಡಿಗೆ ಆಗಲೇ ಮಣ್ಣು ಮೆತ್ತಿದ್ದಾರೆ, ಇನ್ನೂ ಹಸಿಹಸಿ. ಸುತ್ತ ಗುಡಿಸಿದ್ದಾರೆ, ಚೆನ್ನಾಗಿಯೇ ಗುಡಿಸಿದ್ದಾರೆ. ಆದರೆ ಅಷ್ಟು ಬೆಳಿಗ್ಗೆ ಅಷ್ಟು ಗುಡಿಸುವ ಹೆಂಗಸು ಊರಲ್ಲಿ ಒಬ್ಬಳೂ ಇಲ್ಲ. ಸೊಸೆಯ ಸೆರಗಿನ ಮಡಿಕೆಯಲ್ಲಿ ರಾಗಿಯ ಹೊಟ್ಟು. ಹುಲ್ಲಿನ ಮೆದೆಯ ಒಂದು ಮಗ್ಗುಲು ಕುಸಿದಿತ್ತು. ಶೇಕ್ದಾರನ ಕಣ್ಣಿಗೆ ಬೀಳದಂತೆ ಊರೆಲ್ಲ ಉಳಿಸಿಕೊಂಡಿದ್ದ ರಾಗಿ ಆ ಮೆದೆಯಲ್ಲಿತ್ತೆಂದು ಆ ಹೊತ್ತಿಗೆ ತಿಳಿಯಿತು. ಮಳೆ ಬಂದರೆ ಮೆದೆಯಲ್ಲಿ ಮುಗ್ಗಿಹೋಗುತ್ತಿತ್ತು. ಈಗ ನೆಲದೊಳಗೆ, ನನ್ನ ಮೊಹರಿನ ಕೆಳಗೆ ಹೋಗಲಿತ್ತು.

ನೆತ್ತಿಗೇರಿತು. "ಏನಜ್ಜಿ ಇದು? ನನ್ನ ಕೈಲಿ ಸುಳ್ಳು ಮುದ್ರೆ ಒತ್ತಿಸ್ತೀಯಾ? ಒಂದು ಮಾತು ಹೇಳಬಾರದಾಗಿತ್ತಾ?"

"ಯೋಳಿದ್ರೆ ನೀನು ಬ್ಯಾಡ ಅಂತಿದ್ದೆ. ಇಲ್ಲಾಂದ್ರೆ ಊಂ ಅಂತಿದ್ದೆ. ಎರಡ್ರಾಗೆ ಯಾವ್ದಾದ್ರೂ ಪಾಪ ನಿಂಗೇ ಸುತ್ಕತಿತ್ತು. ಈಗ ನಿಂಗೇನ್ ಗೊತ್ತು? ಏನೂ ಗೊತ್ತಿಲ್ಲ."

ಒಳಗೆ ಕೂಸು ಅಳುತ್ತಿತ್ತು. ಜ್ವರದ ಕ್ಷೀಣ ಅಳುವಲ್ಲ, ಹಸಿದ ಅಳು. ತೆರೆಸಬೇಕೋ ಒತ್ತಬೇಕೋ? ಜ್ವರದಿಂದ ಉಳಿಸಿದ ಕೂಸು ಹಾಲು ಕುಡಿಯಬೇಕಾದರೆ ತಾಯಿ ಮಳೆಗಾಲದಲ್ಲಿ ಮುದ್ದೆ ಉಣ್ಣಬೇಕು. ಮೈಸೂರಿನ ಕಾಫಿ ನೆನಪಾಯಿತು, ಛತ್ರದಲ್ಲಿ ಕಿವಿ ಗುಂಯ್‌ಗುಡಿಸಿಕೊಂಡು ಕೂತಿದ್ದವನು ನೆನಪಾದ. ಅರಗು ಸುರಿದು ಮೊಹರನ್ನು ಎಷ್ಟು ಜೋರಾಗಿ ಒತ್ತಿದೆನೆಂದರೆ ಹೆಬ್ಬೆರಳು ಸುಟ್ಟಿತು.

"ನೋಡ್ದೇ ಒತ್ತುಬುಟ್ಟಲ್ಲ ಮಗ" ಅಂದಳು ಅಜ್ಜಿ, ಮೆಲ್ಲಗೆ.

"ಒಳಗಿರೋದು ಸೊಳ್ಳೆ ತಾನೆ?"

"ಊಂ ಕಣಪ್ಪ. ಮಳೆಗಾಲಕ್ಕೆ ಆಗೋಷ್ಟು ಸೊಳ್ಳೆ."

ವಾರದೊಳಗೆ ಶೇಕ್ದಾರ ಬಂದ. ಜೊತೆಗೆ ಹಾರೆ ಹಿಡಿದ ಒಬ್ಬ ಆಳು. ಬೀದಿಯುದ್ದಕ್ಕೂ ಕೆಂಪು ಮುದ್ರೆಗಳನ್ನು ನೋಡಿ ಅವನ ಮುಖ ಕೆಂಪಾಯಿತು. ಅಜ್ಜಿಯ ಹಗೇವಿನ ಮೇಲೇ ನಿಂತ.

"ಯಾರ ಹುಕುಂ ಇದು?"

"ಆರೋಗ್ಯ ಇಲಾಖೆಯದು."

"ತೆಗೀರಿ, ನೋಡ್ತೀನಿ."

"ತೆಗೆಸಿ. ಒಳಗೆ ಬೀದಿಗೆಲ್ಲ ಆಗುವಷ್ಟು ಜ್ವರದ ಸೊಳ್ಳೆ ಕೂಡಿಹಾಕಿದ್ದೀನಿ. ಹೊಗೆಗೆ ಎಲ್ಲ ಸತ್ತಿಲ್ಲದಿದ್ದರೆ ಮೊದಲು ಏಳುವುದು ನಿಮ್ಮ ಮುಖಕ್ಕೆ. ಒಳಗೆ ಕೆಟ್ಟಗಾಳಿಯೂ ಇದೆ, ದೀಪ ಆರುತ್ತೆ. ಇಳಿಯುವವರು ಯಾರು, ನೀವೋ ನಿಮ್ಮ ಆಳೋ? 'ಮುದ್ರೆ ಒಡೆದದ್ದು ನಾನೇ, ಇನ್ನು ಈ ಊರಿನ ಜ್ವರಕ್ಕೆ ನಾನೇ ಜವಾಬು' ಅಂತ ನೀವು ಬರೆದು ರುಜು ಹಾಕಿ. ಹಾರೆ ನಾನೇ ಹಿಡೀತೀನಿ."

ನನ್ನ ದನಿ ಅಷ್ಟು ಏರಿದ್ದನ್ನು ನಾನೇ ಕೇಳಿರಲಿಲ್ಲ. ಅದರಲ್ಲಿ ನಟನೆ ಇರಲಿಲ್ಲ. ಇದ್ದ ಕೋಪವೆಲ್ಲ ಆ ಹೊತ್ತಿಗೆಂದೇ ಕಾದಿತ್ತು. ಹಾರೆಯ ಆಳು ಎರಡು ಹೆಜ್ಜೆ ಹಿಂದೆ ಸರಿದು, "ನಂಗೆ ಎಳೆ ಮಕ್ಳವ್ರೆ ಬುದ್ದಿ, ನಾನ್ ಇಳಿಯಾಕಿಲ್ಲ" ಅಂದುಬಿಟ್ಟ. ಶೇಕ್ದಾರ ಚಪ್ಪಡಿಯನ್ನು ನೋಡಿದ, ತನಗೇ ತಿಳಿಯದೆ ಕಿವಿಗೆ ಕೈ ಹಾ‌ಕಿಕೊಂಡ. ಮೇಲಕ್ಕೆ ಬರೆಯುತ್ತೇನೆ ಎಂದು ಹೇಳಿ ಹೊರಟುಹೋದ. ಬರೆದನೋ ಇಲ್ಲವೋ, ನನ್ನನ್ನು ಯಾರೂ ಕೇಳಲಿಲ್ಲ.

ಮಳೆ ಬಂತು. ಮರಳುಕಟ್ಟೆಯಲ್ಲಿ ಆ ವರ್ಷ ಜ್ವರ ತಡವಾಗಿ, ತೀರ ಕಡಿಮೆಯಾಗಿ ಬಂತು. ಮೈಕ್ರೋಸ್ಕೋಪು ವಾಪಸು ಬಂದ ದಿನವೇ ಕೂಸಿನ ರಕ್ತ ನೋಡಿದೆ. ಉಂಗುರ ಒಂದೂ ಇಲ್ಲ. ಕೂಸು ಆಗಲೇ ನನ್ನ ಮೀಸೆ ಎಳೆಯುವಷ್ಟು ಬೆಳೆದಿತ್ತು.

ದಸರೆ ಕಳೆದ ಮೇಲೆ ಮೈಸೂರಿನಲ್ಲಿ ಇನ್ಸ್‌ಪೆಕ್ಟರುಗಳ ಸಭೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರದವರೆಲ್ಲ ಬಂದಿದ್ದರು. ಮೇಲಧಿಕಾರಿ ಎದ್ದು ನಿಂತು, ಬೇಸಿಗೆಯಲ್ಲಿ ಸ್ಟೇಷನ್ ಮುಚ್ಚಿದರೂ ಏನೂ ನಷ್ಟವಿಲ್ಲ ಎಂಬುದಕ್ಕೆ ಮರಳುಕಟ್ಟೆಯೇ ಸಾಕ್ಷಿ, ಅಲ್ಲಿ ಈ ವರ್ಷ ಜ್ವರವೇ ಇಳಿದಿದೆ, ಇನ್ನು ಮುಂದೆ ಎಲ್ಲ ಕಡೆಯೂ ಇದೇ ಕ್ರಮ ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಅದೇ ನಗು.

"ಏನ್ರೀ, ನಿಮ್ಮ ಹಗೇವಿನಲ್ಲಿ ಈಗ ಎಷ್ಟು ಸೊಳ್ಳೆ ಇವೆ?"

ಎದ್ದು ನಿಂತೆ. ಹಗೇವು ಮುಚ್ಚಿದ್ದರಿಂದ ಜ್ವರ ಇಳಿಯಿತು ಅನ್ನಬಹುದಿತ್ತು. ಅಂದರೆ ಮರುದಿನವೇ ಮೋಟಾರು ಹತ್ತಿ ಬಂದು, "ಎಲ್ಲಿ, ತೆಗೆಸಿ ನೋಡೋಣ" ಅನ್ನುತ್ತಾರೆ. ಹೊಸ ರಾಗಿ ಇನ್ನೂ ಹೊಲದಲ್ಲಿತ್ತು. ಊರು ಉಣ್ಣುತ್ತಿದ್ದದ್ದು ಅಜ್ಜಿಯ ಹಗೇವಿನದು. ಅವತ್ತು ಬೆಳಿಗ್ಗೆ ಅದರಿಂದಲೇ ಮೊರ ತುಂಬಿಸಿಕೊಂಡಿರುತ್ತಾರೆ.

"ಒಂದೂ ಇಲ್ಲ ಸಾರ್" ಅಂದೆ.

ಸಭೆಯೆಲ್ಲ ನಕ್ಕಿತು. ನಾನು ಕೂತೆ. ಮೇಜಿನ ಕೆಳಗೆ ನನ್ನ ಕೈ ಮುಷ್ಟಿ ಕಟ್ಟಿತ್ತು.